ಹಳೇ ರೂಟರ್, ಖತೀಜಮ್ಮನ ನಗು

ಹಾಡಿನಲ್ಲಿ ಅತ್ತೆ ಅಳಿಯನನ್ನು ಗೇಲಿ ಮಾಡುವ ಸಾಲು ಬಂದದ್ದೇ ತಡ, ಖತೀಜಮ್ಮ ನಮ್ಮೆಲ್ಲರಿಗಿಂತ ಮೊದಲು ನಕ್ಕರು. ನಕ್ಕ ರಭಸಕ್ಕೆ ಮಡಿಲಲ್ಲಿದ್ದ ತಡ್ಪೆ, ಅಂದರೆ ಬೀಡಿಯ ಮೊರ, ವಾಲಿ ಕಟ್ಟಿದ ಬೀಡಿಗಳೆಲ್ಲ ಚಾವಡಿ ತುಂಬ ಉರುಳಿದವು.

ಸಿದ್ಧಕಟ್ಟೆಯ ನಮ್ಮ ಮನೆಯ ಚಾವಡಿಯಲ್ಲಿ ಮಧ್ಯಾಹ್ನ ಅಕ್ಕಪಕ್ಕದ ಹೆಂಗಸರೆಲ್ಲ ಕೂತು ಬೀಡಿ ಕಟ್ಟುತ್ತೇವೆ. ಜೊತೆಗೆ ನನ್ನ ಫೋನಿನಲ್ಲಿ ತುಳು ಹಾಡು ಇರಲೇಬೇಕು. ಪಕ್ಕದ ಮನೆಯ ಖತೀಜಮ್ಮನಿಗೆ ಕಿವಿ ಮಂದವಾಗಿ, ಆ ಸಣ್ಣ ಸದ್ದು ಕೇಳಿಸದೆ, ಅವರು ಬರುವುದನ್ನೇ ನಿಲ್ಲಿಸಿದ್ದರು. ಅವರನ್ನು ಮತ್ತೆ ನಮ್ಮ ನಡುವೆ ಕೂರಿಸಲೇಬೇಕೆಂದು ನಾನು ಹಟ ಹಿಡಿದೆ.

ಅಣ್ಣ ಕುವೈತಿನಿಂದ ನನಗೆ ತಂದುಕೊಟ್ಟ ದೊಡ್ಡ ಸ್ಟೀರಿಯೊ ಮನೆಯಲ್ಲಿತ್ತು. ಆದರೆ ಫೋನಿನ ಹಾಡು ಅದಕ್ಕೆ ತಲಪುವ ದಾರಿ ಇರಲಿಲ್ಲ. ಮೂಲೆ ಸೇರಿದ್ದ ಹಳೇ ವೈಫೈ ರೂಟರ್ ಫೋನಿನ ಹಾಡನ್ನು ವೈಫೈನಲ್ಲೇ ಹಿಡಿದು ಸ್ಟೀರಿಯೊಗೆ ದಾಟಿಸಬಲ್ಲದೆಂದು ವಿಡಿಯೊ ಒಂದರಲ್ಲಿ ನೋಡಿದೆ. ಮಗಳ ಲ್ಯಾಪ್‌ಟಾಪಿನಿಂದ ಅದಕ್ಕೆ ಹೊಸ ಸಾಫ್ಟ್‌ವೇರ್ ತುಂಬಿದೆ. ಅದರ ಯುಎಸ್‌ಬಿ ತೂತಿಗೆ ಸಣ್ಣ ಸೌಂಡ್ ಕಾರ್ಡ್ ಸಿಕ್ಕಿಸಿ, ಅಲ್ಲಿಂದ ಸ್ಟೀರಿಯೊಗೆ ವಯರು ಎಳೆದೆ. ಕೈಕೊಟ್ಟಾಗಲೆಲ್ಲ ಮೊದಲಿಂದ ಶುರು ಮಾಡಿದೆ.

"ಗುಜರಿಗೆ ಹೋಗುವ ಡಬ್ಬಕ್ಕೆ ಇಷ್ಟು ಉಪಚಾರವಾ?" ಎಂದು ಗಂಡ ಕೆಣಕಿದರು.

ಸ್ಟೀರಿಯೊದಲ್ಲಿ ಹಾಡು ಬಂದ ದಿನ ನಾನೇ ಹೋಗಿ ಖತೀಜಮ್ಮನನ್ನು ಕರೆತಂದೆ. ಉರುಳಿದ ಬೀಡಿ ಹೆಕ್ಕುತ್ತಾ ಅವರು ಹೇಳಿದರು: "ಮೊದಲೆಲ್ಲ ನಾನು ನಿಮ್ಮ ಮುಖ ನೋಡಿ ನಗ್ತಿದ್ದದ್ದು ಮಾರಾಯ್ತಿ. ಇವತ್ತು ಹಾಡು ಕೇಳಿಯೇ ನಕ್ಕೆ!"

ಈಗ ಅವರು ದಿನಾ ಬರುತ್ತಾರೆ. ಫೋನು ನನ್ನದು, ಸ್ಟೀರಿಯೊ ನನ್ನದು; ಯಾವ ಹಾಡು ಹಾಕಬೇಕೆಂಬ ತೀರ್ಮಾನ ಮಾತ್ರ ಖತೀಜಮ್ಮನದು.