ಮೇಲಿನಿಂದ ಬಿದ್ದ ಚಿಪ್ಪು

ನನ್ನದು ಹಠದ ಸ್ವಭಾವ. ಆ ಡಿಸೆಂಬರಿನಲ್ಲಿ ಕಾಫಿ ಕುಯ್ಲಿಗೆಂದು ಕೆ. ಹೊಸಕೋಟೆ ಹತ್ತಿರದ ನಮ್ಮ ಮನೆಗೆ ಬಂದಾಗಲೂ ಬಟ್ಟೆಗಿಂತ ಹೆಚ್ಚಾಗಿ ಮೈಕ್ರೋಸ್ಕೋಪು, ಗಾಜಿನ ಸ್ಲೈಡುಗಳನ್ನೇ ಹೊತ್ತು ತಂದಿದ್ದೆ.

ತೈಲಕ್ಕಾಗಿ ಸಮುದ್ರದ ತಳದಲ್ಲಿ ಬಾವಿ ಕೊರೆದಾಗ ಮೇಲೆ ಬರುವ ಕಲ್ಲಿನ ಚೂರುಗಳಲ್ಲಿ ಸಾಸಿವೆಗಿಂತ ಸಣ್ಣ ಚಿಪ್ಪುಗಳಿರುತ್ತವೆ. ಯಾವ ಜೀವಿ ಯಾವ ಕಾಲದ್ದೆಂದು ನೋಡಿ ಆ ಪದರದ ವಯಸ್ಸು ಹೇಳುವುದು ನನ್ನ ಕೆಲಸ. ನಮ್ಮ ತಂಡದ ಹಿರಿಯರೊಬ್ಬರದು ಸೈಸ್ಮಿಕ್ ಕೆಲಸ: ಕಡಲ ತಳಕ್ಕೆ ಶಬ್ದದ ಅಲೆ ಬಿಟ್ಟು, ಮರಳಿ ಬಂದ ಪ್ರತಿಧ್ವನಿಯಿಂದ ಪದರಗಳ ಗೆರೆ ಎಳೆಯುತ್ತಾರೆ. ವಯಸ್ಸು ಗೊತ್ತಿದ್ದ ಪಕ್ಕದ ಬಾವಿಯಿಂದ ಅವರು ಎಳೆದು ತಂದ ಗೆರೆಯ ಪ್ರಕಾರ ನಮ್ಮ ಬಾವಿಯ ಒಂದು ಪದರ ಬಹಳ ಹಳೆಯದು. ನನ್ನ ಚಿಪ್ಪಿನ ಪ್ರಕಾರ ಹೊಸದು. ಮುಂದಿನ ಬಾವಿ ಎಲ್ಲಿ ಕೊರೆಯಬೇಕೆಂಬುದು ಇದರ ಮೇಲೆ ನಿಂತಿತ್ತು. ಸೋಮವಾರದ ಆನ್‌ಲೈನ್ ಸಭೆಯಲ್ಲಿ ತೀರ್ಮಾನ. "ಚಿಪ್ಪನ್ನ ನಾನು ಕಣ್ಣಾರೆ ಕಂಡಿದೀನಿ ಸಾರ್, ನಿಮ್ಮ ಗೆರೆ ಕಂಡೋರು ಯಾರು?" ಎಂದುಬಿಟ್ಟಿದ್ದೆ. ಮೂರು ವಾರ ಅದೇ ರಾಗ.

ಭಾನುವಾರ ಬೆಳಿಗ್ಗೆ ಅವ್ವನ ಜೊತೆ ತೋಟಕ್ಕೆ ಹೋದೆ. ನಮ್ಮ ಇಳಿಜಾರಿನಲ್ಲಿ ಮೇಲೆ ಅರಾಬಿಕಾ, ಕೆಳಗೆ ರೊಬಸ್ಟಾ. ಅರಾಬಿಕಾ ಮೊದಲು ಹಣ್ಣಾಗುತ್ತದೆ, ರೊಬಸ್ಟಾಕ್ಕೆ ಇನ್ನೂ ತಿಂಗಳಾದರೂ ಬೇಕು. ಆದರೆ ರೊಬಸ್ಟಾ ಗಿಡಗಳ ಬುಡದಲ್ಲಿ ಕೆಂಪು ಹಣ್ಣು ಚೆಲ್ಲಿದ್ದವು.

"ಅವ್ವಾ, ರೊಬಸ್ಟಾನೂ ಹಣ್ಣಾಗ್ಬುಟ್ಟೈತೆ! ನಾಳೆನೇ ಆಳು ಕರೆಸು."

ಅವ್ವ ಬುಟ್ಟಿ ಕೆಳಗಿಟ್ಟು ನಕ್ಕಳು. "ಥೂ, ಕಾಫಿ ಮನೇಲಿ ಹುಟ್ಟಿ ಹಿಂಗಾಡ್ತೀಯಲ್ಲೇ! ಗಿಡ ನೋಡು, ಇನ್ನೂ ಹಸಿರುಗಾಯಿ. ಅವು ಮ್ಯಾಲಿಂದ ಉರುಳ್ಕಂಡ್ ಬಂದ್ಬುಟ್ಟವೆ ಕಣೆ. ಬುಡದಲ್ಲಿ ಬಿದ್ದಿದ್ದೆಲ್ಲ ಆ ಗಿಡದ್ದೇ ಆಗ್ಬುಡ್ತದಾ?"

ನನಗೆ ನಗು ಬರಲಿಲ್ಲ. ಕೊರೆಯುವ ಬಾವಿಯಲ್ಲೂ ಹೀಗೇ ಮೇಲಿನ ಗೋಡೆ ಕುಸಿದು, ಹೊಸ ಚಿಪ್ಪುಗಳು ಕೆಳಗಿನ ಹಳೆಯ ಕಲ್ಲಿನ ಚೂರಿನೊಡನೆ ಬೆರೆತುಬಿಡುತ್ತವೆ. ಕಾಲೇಜಿನಲ್ಲೇ ಕಲಿತ ಪಾಠ. ಗೆಲ್ಲುವ ಹಠದಲ್ಲಿ ಮರೆತೇಹೋಗಿತ್ತು.

ಮನೆಗೆ ಓಡಿದೆ. ಬಾವಿಯ ಗೋಡೆಯಲ್ಲಿ ಆ ಪದರದಿಂದಲೇ ನೇರವಾಗಿ ಕಿತ್ತು ತೆಗೆದ ಕಲ್ಲಿನದೊಂದು ಸ್ಲೈಡು ಇತ್ತು. ಅದರೊಳಕ್ಕೆ ಮೇಲಿನದು ಬೀಳುವ ಮಾತೇ ಇಲ್ಲ. ಚಿಪ್ಪು ಕಡಿಮೆಯೆಂದು ನಾನೇ ಬದಿಗಿಟ್ಟಿದ್ದೆ. ಅವ್ವ ಊಟಕ್ಕೆ ಮೂರು ಸಲ ಕೂಗಿದಳು. ಏಳಲಿಲ್ಲ. ಸೋಲುವುದಾದರೆ ಅರೆಬರೆ ಸೋಲಬಾರದೆಂದು ಒಂದೊಂದೇ ಚಿಪ್ಪನ್ನು ತಿರುವಿ ತಿರುವಿ ನೋಡಿದೆ. ಎಲ್ಲವೂ ಹಳೆಯವೇ. ಹೊಸದು ಒಂದಾದರೂ ಇರಬೇಡವೇ!

ಸಂಜೆ ಹಿರಿಯರಿಗೆ ಫೋನ್ ಮಾಡಿದೆ. "ಸಾರ್, ತಪ್ಪು ನನ್ನದು. ನಿಮ್ಮ ಗೆರೆಯೇ ಸರಿ."

ಅವರು ಹೇಳಿದರು, "ಅಯ್ಯೋ, ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲಮ್ಮ. ನಂದೇ ತಪ್ಪಿರ್ಬೇಕು ಅಂತ ನಿನ್ನೆ ಆ ಗೆರೆ ಅಳಿಸಿಬಿಟ್ಟೆ."

ಆ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು. ಹೇಳಿದೆ, "ಮತ್ತೆ ಎಳೀರಿ ಸಾರ್. ಯಾಕೆ ಅಳಿಸಿದ್ರಿ ಅಂತ ನಾಳೆ ಎಲ್ಲರ ಮುಂದೆ ನಾನೇ ಹೇಳ್ತೀನಿ."