ನೇರಳೆಗೆ ತಿರುಗಿದ ನಾಲೆಗಳು

ತರೀಕೆರೆಯ ನೀರಾವರಿ ಕಚೇರಿಯೊಂದರಲ್ಲಿ ನಕ್ಷೆಗಳಿಗೆ ಬಣ್ಣ ತುಂಬುತ್ತಿದ್ದ ಟ್ರೇಸರ್ ಖಲಂದರ್ ಸಾಬರು, ಯಾವ ಬಣ್ಣವನ್ನು ನೋಡುವಾಗಲೂ ಎಡಗಣ್ಣು ಮುಚ್ಚುತ್ತಿದ್ದರು. ಸಂಗತಿ ಇಷ್ಟೇ. ಆದರೆ ಕಡೂರಿನಿಂದ ಅಜ್ಜಂಪುರದವರೆಗೆ ಅದು ಇಷ್ಟಕ್ಕೇ ನಿಂತಿರಲಿಲ್ಲ. ಆ ಕಣ್ಣು ಮುಚ್ಚಿತೆಂದರೆ ಜವಳಿ ಅಂಗಡಿಯ ಯಜಮಾನರು ಗಲ್ಲಾ ಬಿಟ್ಟು ಎದ್ದು ನಿಲ್ಲುತ್ತಿದ್ದರಂತೆ. ಕಡೂರಿನ ಒಂದು ಮದುವೆಯಲ್ಲಿ ಧಾರೆ ಸೀರೆಯನ್ನು ಹಾಗೊಮ್ಮೆ ನೋಡಿ, "ಸೆರಗಿನ ಕೆಂಪೇ ಬೇರೆ, ಒಡಲಿನ ಕೆಂಪೇ ಬೇರೆ" ಅಂದುಬಿಟ್ಟರಂತೆ. ಎರಡೂ ಕಡೆಯವರು ಸೀರೆ ಹಿಡಿದುಕೊಂಡು ಬಿಸಿಲಿಗೆ ಓಡಿ, ವಾದ ಮುಗಿಸಿ ಒಳಗೆ ಬರುವಷ್ಟರಲ್ಲಿ ಮುಹೂರ್ತ ಮೀರಿತ್ತಂತೆ. ಹಿಡಿ ಮಣ್ಣು ತೋರಿಸಿದರೆ ಇದು ಯಗಟಿಯದು, ಇದು ದೇವನೂರಿನದು ಎಂದು ಹೇಳುತ್ತಿದ್ದರಂತೆ. ಆ ಹೊಲದ ಖಾತೆ ಯಾರ ಹೆಸರಿನಲ್ಲಿದೆ ಎಂದೂ ಹೇಳುತ್ತಿದ್ದರೆಂದು ಸೇರಿಸಿದವಳು ಕಚೇರಿಯ ಅಟೆಂಡರ್ ತೀರ್ಥಮ್ಮ. ಬಂದ ಸುದ್ದಿಯನ್ನು ಬರಿಗೈಯಲ್ಲಿ ಕಳಿಸುವ ಅಭ್ಯಾಸ ಆಕೆಗಿರಲಿಲ್ಲ.

ಇಂಥ ಮಹಾದೃಷ್ಟಿಯನ್ನು ಸರ್ಕಾರ ಒಂದು ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಎತ್ತಿಕೊಂಡು ಹೋಗಿ ಸೈಕಲ್ ಸ್ಟ್ಯಾಂಡಿನ ಪಕ್ಕದ ಜಗಲಿಯಲ್ಲಿ ಕೂರಿಸಿತು. ಅವರ ಕೋಣೆಗೆ ಹೊರದೇಶದ ನೆರವಿನಲ್ಲಿ ಬಂದ ಕಲರ್ ಕಾಪಿ ಮಿಷನ್ನು ಬಂದಿತ್ತು. ಎಮ್ಮೆಯಷ್ಟು ದಪ್ಪ, ಅಳಿಯನಷ್ಟು ಉಪಚಾರ. ಅದಕ್ಕೊಂದು ಫ್ಯಾನು, ಒಂದು ಸ್ಟೆಬಿಲೈಸರ್, ಧೂಳು ಬೀಳದಂತೆ ಒಂದು ಹೊದಿಕೆ. ಖಲಂದರ್ ಸಾಬರು ಮೂರು ದಿನ ಕೂತು ಬರೆಯುತ್ತಿದ್ದ ನಕ್ಷೆಯನ್ನು ಅದು ಮೂರು ನಿಮಿಷದಲ್ಲಿ ಉಗುಳುತ್ತದೆ ಎಂದು ಎಲ್ಲರೂ ನೋಡಲು ನೆರೆದರು. ಉಗುಳಿತು. ಆದರೆ ನೀಲಿ ನಾಲೆಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿದ್ದವು.

ನಾಲೆ ನೇರಳೆಯಾದರೆ ಭೂಮಿ ಬಾಯಿ ಬಿಡುವುದಿಲ್ಲ, ನಿಜ. ಆದರೆ ಆ ಎಂಟು ನಕ್ಷೆಗಳ ಮೂಲೆಯಲ್ಲಿದ್ದ ಸೂಚಿಯ ಪ್ರಕಾರ ನೀಲಿ ಎಂದರೆ ನೀರು ಹರಿಯುತ್ತಿರುವ ನಾಲೆ, ನೇರಳೆ ಎಂದರೆ ಇನ್ನು ಮುಂದೆ ತೋಡಬೇಕಾದ ನಾಲೆ. ಹದಿನಾಲ್ಕು ವರ್ಷದಿಂದ ಗದ್ದೆಗಳಿಗೆ ನೀರುಣಿಸುತ್ತಿದ್ದ ನಾಲೆಗಳನ್ನು ಮಿಷನ್ನು ಮೂರು ನಿಮಿಷದಲ್ಲಿ ಮುಚ್ಚಿಹಾಕಿತ್ತು. ಸೋಮವಾರ ನೆರವು ಕೊಟ್ಟವರೇ ನೋಡಲು ಬರುವವರಿದ್ದರು.

ಮಿಷನ್ನಿನ ಕಂಪನಿಯಿಂದ ಬಂದವನು ಷಡಕ್ಷರಿ. ಕಡೂರಿನವನೇ, ಇಪ್ಪತ್ತಾರರ ಪ್ರಾಯ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೊದಲ ಸಲ ಬಂದು ಗಾಜು ಒರೆಸಿ, ಕರೆಂಟು ಅಳೆದು ಹೋದ. ಎರಡನೆಯ ಸಲ ಬಂದು ನೀಲಿ ಪುಡಿಯ ಡಬ್ಬಿಯನ್ನೇ ಬದಲಿಸಿದ. ನಾಲೆಗಳು ಇನ್ನೂ ಚೆನ್ನಾಗಿ ನೇರಳೆಯಾದವು. ಈಗ ಶುಕ್ರವಾರ, ಮೂರನೆಯ ಸಲ. ಬೆಂಗಳೂರಿನ ಮ್ಯಾನೇಜರು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು: ಸರಿ ಮಾಡಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಟೂಲ್ ಪೆಟ್ಟಿಗೆಯನ್ನು ಪಾರ್ಸಲ್ ಮಾಡಿ ಕಳಿಸಿಬಿಡು, ನೀನು ಬರುವುದು ಬೇಡ.

ಬೆಳಿಗ್ಗೆಯಿಂದ ಅವನು ಮಿಷನ್ನಿನ ಹೊಟ್ಟೆಯೊಳಗೆ ಭುಜದವರೆಗೂ ಕೈ ಹಾಕಿದ್ದ. ಕಾಗದ ತೇವಗೊಂಡಿರಬಹುದೆಂದು ಹೊಸ ಕಟ್ಟು ಒಡೆದ. ಒಳಗಿನ ದೀಪ ಬದಲಿಸಿದ. ಅವನ ತಲೆ ಕೆಡಿಸಿದ್ದು ಒಂದೇ ಸಂಗತಿ: ಮಿಷನ್ನಿನ ಜೊತೆಗೇ ಬಂದಿದ್ದ ಬಣ್ಣದ ಪಟ್ಟಿಗಳ ಹಾಳೆಯನ್ನಿಟ್ಟರೆ ನೀಲಿ ನೀಲಿಯಾಗಿಯೇ ಬರುತ್ತಿತ್ತು. ನಕ್ಷೆಯಿಟ್ಟರೆ ನೇರಳೆ.

"ಏನಪ್ಪಾ, ನಿನ್ ಮಿಷನ್‌ಗೆ ನಮ್ ನೀರು ಹಿಡಿಸ್ಲಿಲ್ವಾ?" ಎಂದಳು ತೀರ್ಥಮ್ಮ, ಟೀ ಲೋಟ ಇಡುತ್ತಾ. "ಒಂದ್ ಕಾಯಿ ಒಡೀ ಅಂತ ಅವತ್ತೇ ಹೇಳಿದ್ದೆ."

"ಬೆಳಿಗ್ಗೇನೇ ಒಡ್ದಾಯ್ತು ಕಣಮ್ಮಾ."

"ಚಟ್ನಿಗಾದ್ರೂ ಆಯ್ತು ಬಿಡು."

ಕಚೇರಿಯ ಮುಖ್ಯಸ್ಥರಾದ ಇಂಜಿನಿಯರ್ ಕಲ್ಲೇಶಪ್ಪನವರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು. "ಐದು ಗಂಟೆವರ್ಗೂ ನೋಡ್ತೀನಿ ಕಣ್ರೀ. ಆಮೇಲೆ ನಿಮ್ ಮ್ಯಾನೇಜರ್‌ಗೆ ಟೆಲಿಗ್ರಾಂ."

ಷಡಕ್ಷರಿ ಟೀ ಲೋಟ ಹಿಡಿದು ಜಗಲಿಗೆ ಬಂದು, ಇರುವ ಒಂದೇ ಬೆಂಚಿನ ಮೇಲೆ ಕುಳಿತ. ಆ ಬೆಂಚಿನ ಇನ್ನೊಂದು ತುದಿಯಲ್ಲಿ ಖಲಂದರ್ ಸಾಬರು ಕುಂಚ ತೊಳೆಯುತ್ತಿದ್ದರು. ಮೂರು ಸಲ ಬಂದಿದ್ದರೂ ಅವರನ್ನು ಅವನು ಗಮನಿಸಿರಲಿಲ್ಲ. ಅವರನ್ನು ಯಾರೂ ಒಳಗೆ ಕರೆದಿರಲೂ ಇಲ್ಲ.

"ಸಾಬ್ರೇ, ಇದ್ ನೋಡಿ. ಇದು ಮೂಲ, ಇದು ಕಾಪಿ," ಎಂದ, ಗೋಡೆಗೆ ಹೇಳುವಂತೆ.

ಸಾಬರು ಎಡಗಣ್ಣು ಮುಚ್ಚಿ ಎರಡನ್ನೂ ನೋಡಿದರು.

"ನಿಮ್ ಮಿಷನ್ ಜೊತೆ ಬಂದ ಹಾಳೆ ಸರಿ ಬತ್ತೈತಾ?"

"ಅದ್ ಸರಿ ಬರ್ತದೆ."

"ಈ ನಕ್ಷೆ ಒಂದೇನಾ ಕೆಡೋದು?"

"ಎಂಟೂ ಕೆಡ್ತವೆ."

"ಎಂಟೂ ನಾನೇ ಬರ್ದಿದ್ದು," ಎಂದು ಸಾಬರು ಎದ್ದರು. ಉಗ್ರಾಣದಿಂದ ನೀಲಿ ಬಣ್ಣದ ಹೊಸ ಟ್ಯೂಬು ತರಿಸಿದರು. ಒದ್ದೆ ಹತ್ತಿಯಿಂದ ಒಂದೇ ಒಂದು ನಾಲೆಯ ಬಣ್ಣ ಒರೆಸಿ ತೆಗೆದು, ಕಪ್ಪು ಗೆರೆಗಳ ನಡುವೆ ಹೊಸ ನೀಲಿ ತುಂಬಿ, ಬಿಸಿಲಿಗೆ ಹಿಡಿದು ಒಣಗಿಸಿದರು. ಷಡಕ್ಷರಿಯ ಕಣ್ಣಿಗೆ ಹಳೆಯ ನೀಲಿಗೂ ಹೊಸ ನೀಲಿಗೂ ಕೂದಲೆಳೆಯ ವ್ಯತ್ಯಾಸ ಕಾಣಲಿಲ್ಲ. ಮುದುಕರಿಗೆ ಹೊತ್ತು ಹೋಗಬೇಕಲ್ಲ ಎಂದುಕೊಳ್ಳುತ್ತಲೇ ನಕ್ಷೆಯನ್ನು ಗಾಜಿನ ಮೇಲಿಟ್ಟು ಗುಂಡಿ ಒತ್ತಿದ.

ಹೊರಬಂದ ಹಾಳೆಯಲ್ಲಿ ಒಂದೇ ಒಂದು ನಾಲೆ ನೀಲಿಯಾಗಿ ಹರಿಯುತ್ತಿತ್ತು. ಮಿಕ್ಕವೆಲ್ಲ ನೇರಳೆ.

ಆಮೇಲೆ ನಡೆದದ್ದನ್ನು ಯುದ್ಧಕಾಂಡವೆಂದೇ ಹೇಳಬೇಕು. ಸಾಬರ ಮೇಜು ಜಗಲಿಯಿಂದ ಫ್ಯಾನಿನ ಕೆಳಕ್ಕೆ ಬಂತು. ತೀರ್ಥಮ್ಮ ಹತ್ತಿಯ ಉಂಡೆಗಳನ್ನು ಬತ್ತಿ ಹೊಸೆದಷ್ಟು ಭಕ್ತಿಯಿಂದ ಹೊಸೆದು ಕೊಟ್ಟಳು. ಷಡಕ್ಷರಿ ಕಂಪನಿಯ ಟೈ ಬಿಚ್ಚಿಟ್ಟು, ಒಂದು ರಟ್ಟು ಹಿಡಿದು, ತುಂಬಿದ ನಾಲೆಗಳಿಗೆ ಗಾಳಿ ಬೀಸಿದ. ಇಂಜಿನಿಯರರು ಗಡಿಯಾರ ನೋಡುವುದನ್ನು ನಿಲ್ಲಿಸಿ ತಾವೇ ನೀರಿನ ಬಟ್ಟಲು ಬದಲಿಸಿದರು. ಎಂಟು ಹಾಳೆಗಳ ನಲವತ್ತೊಂದು ನಾಲೆಗಳಲ್ಲಿ ಕೊನೆಯದಕ್ಕೆ ನೀರು ಬಂದಾಗ ಐದಕ್ಕೆ ಹತ್ತು ನಿಮಿಷವಿತ್ತು. ಮಿಷನ್ನು ಎಂಟನ್ನೂ ನುಂಗಿ ಎಂಟನ್ನೂ ನೀಲಿಯಾಗಿಯೇ ಉಗುಳಿತು.

ಕಲ್ಲೇಶಪ್ಪನವರು ಟೆಲಿಗ್ರಾಂ ಫಾರಂ ಹರಿದರು. ಮ್ಯಾನೇಜರಿಗೆ ಫೋನು ಮಾಡಿ, "ನಿಮ್ ಹುಡುಗ ಗಟ್ಟಿಗ ಕಣ್ರೀ, ಕಾಯಂ ಮಾಡ್ರಿ" ಎಂದರು. ಷಡಕ್ಷರಿ ಕೂತಲ್ಲೇ ಮುಖ ಒರೆಸಿಕೊಂಡ. ಬೆವರಷ್ಟೇ ಅಲ್ಲ, ಬೇರೆ ಏನೋ ಒರೆಸಿಕೊಂಡ ಹಾಗಿತ್ತು. ತೀರ್ಥಮ್ಮ ಆಗಲೇ ಹೊಸ ಸುದ್ದಿಯನ್ನು ಸಿಂಗರಿಸತೊಡಗಿದ್ದಳು: ಸಾಬರು ಮುಚ್ಚಿದ ಕಣ್ಣಿನಿಂದಲೇ ಮಿಷನ್ನಿನ ಎದೆಯೊಳಗೆ ನೋಡಿದರಂತೆ, ಮಿಷನ್ನು ಒಂದು ಸಲ ನಡುಗಿತಂತೆ.

"ಅಲ್ರೀ ಸಾಬ್ರೇ," ಎಂದರು ಕಲ್ಲೇಶಪ್ಪನವರು, ಸಭೆಯಲ್ಲಿ ಮಾತಾಡುವ ದನಿ ತೆಗೆದು. "ಬೆಂಗಳೂರಿನೋರಿಗೆ ಕಾಣ್ಲಿಲ್ಲ, ಮಿಷನ್ ಪುಸ್ತಕದಲ್ಲಿಲ್ಲ, ನಮ್ಗ್ಯಾರಿಗೂ ತಿಳೀಲಿಲ್ಲ. ನೀಲಿಯೊಳಗೆ ಅಡಗಿದ್ದ ನೇರಳೆ ನಿಮ್ಮೊಬ್ಬರ ಕಣ್ಣಿಗೆ ಹೆಂಗ್ರೀ ಕಾಣ್ತು?"

"ಕಣ್ಣಿಗೆಲ್ಲಿ ಕಾಣ್ತದೆ ಸ್ವಾಮಿ," ಎಂದರು ಖಲಂದರ್ ಸಾಬರು, ಕುಂಚ ಒರೆಸುತ್ತಾ. "ಎಪ್ಪತ್ನಾಲ್ಕರಲ್ಲಿ ಅಜ್ಜಂಪುರದ ಕ್ಯಾಂಪಿಗೆ ಬಣ್ಣ ಕಳ್ಸಿ ಅಂತ ಮೂರ್ ಸಲ ಬರ್ದೆ, ಬರ್ಲಿಲ್ಲ. ನಮ್ಮನೆಯೋಳು ಬಟ್ಟೆಗೆ ಹಾಕೋ ನೀಲಿ ಇಟ್ಟಿದ್ಳು. ಅದನ್ನೇ ಕಲಸಿ ಬಳ್ದಿದ್ದೆ."