ಅಪ್ಪನ ಗಿಟಾರಿನ ಧೈವತ

ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿತವಳು ನಾನಲ್ಲ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ ಆದ್ದರಿಂದ, ಬರೆದದ್ದನ್ನು ತಿದ್ದಿಕೊಡುವವರೂ ಮನೆಯಲ್ಲಿಲ್ಲ. ಈ ಬರಹದಲ್ಲಿ ಸ್ವರದ ಹೆಸರೋ ಘಟನೆಯ ಕ್ರಮವೋ ತಪ್ಪಿದ್ದರೆ ಓದುಗರು ಮನ್ನಿಸಬೇಕು. ಒಂದು ತಪ್ಪನ್ನು ಮಾತ್ರ ಮನ್ನಿಸಿರೆಂದು ಕೇಳಲಾರೆ. ಅದನ್ನು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ.

ಅಪ್ಪ ಶಿಗ್ಗಾಂವಿಯ ಹೆದ್ದಾರಿಯ ಪಕ್ಕ ಲೇತ್ ಅಂಗಡಿ ಇಟ್ಟುಕೊಂಡಿದ್ದಾರೆ. ಟ್ರ್ಯಾಕ್ಟರಿನ ಸವೆದ ಭಾಗಗಳನ್ನು ಸರಿಮಾಡಿಕೊಡುವುದು ಅವರ ಕಸುಬು. ಸೋಮವಾರ ಮಾತ್ರ ಬೇಗ ಬಾಗಿಲು ಎಳೆದು, ದುಂಡಸಿಯ ಬಸ್ಸು ಹಿಡಿದು ಊರಿಗೆ ಬರುತ್ತಿದ್ದರು. ಅಂದು ಸಂಜೆ ಮಠದಲ್ಲಿ ವಚನಗಳ ಭಜನೆ. ಅಲ್ಲಿ ಅವರು ಹವಾಯಿಯನ್ ಗಿಟಾರ್ ನುಡಿಸುತ್ತಿದ್ದರು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಾವೇ ಲೇತಿನಲ್ಲಿ ತಿರುವಿ ನುಣುಪು ಮಾಡಿದ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತಿದ್ದರು.

ಅದನ್ನು ಕಲಿತದ್ದು ಹರೆಯದಲ್ಲಿ, ಹುಬ್ಬಳ್ಳಿಯ ವರ್ಕ್‌ಶಾಪೊಂದರ ಮುದಿ ಫೋರ್‌ಮನ್‌ರಿಂದ. ಗೋವೆಯವರಾದ ಅವರು ಹಿಂದೆ ಮುಂಬೈಯ ಹೋಟೆಲುಗಳಲ್ಲಿ ಜಾಝ್ ನುಡಿಸಿದವರಂತೆ. ಅವರು ಹೇಳಿಕೊಟ್ಟ ಶ್ರುತಿಯಲ್ಲಿ ಆರು ತಂತಿಗಳು ಸಾ, ಗ, ಪ, ಧ, ಮತ್ತೆ ಸಾ, ಗ ಎಂದು ಕೂಡುತ್ತಿದ್ದವು. ಎಲ್ಲವನ್ನೂ ಒಮ್ಮೆಲೇ ಮೀಟಿದರೆ, ನಡುವಿನ ಆ ‘ಧ’ದಿಂದ, ಅಂದರೆ ಧೈವತದಿಂದಾಗಿ, ಅಳು ಬಂದು ನಿಂತ ಮೇಲಿನ ಸಮಾಧಾನದಂಥ ನಾದವೊಂದು ಏಳುತ್ತಿತ್ತು. ಅಪ್ಪನ ಸ್ವರ ತಾಳಕ್ಕಿಂತ ತುಸು ತಡವಾಗಿಯೇ ಬಂದು ಕೂರುತ್ತಿತ್ತು. ಅದೂ ಜಾಝಿನ ರೂಢಿಯೇ.

“ನಿನ್ನ ಗಿಟಾರ ನಮ್ಮ ದುಂಡಸಿ ಬಸ್ಸಿದ್ದಂಗ ನೋಡಪಾ,” ಎಂದು ತಬಲಾ ಬಾರಿಸುವ ಕಾಕಾ ಕೆಣಕುತ್ತಿದ್ದರು. “ಬರ್ತೈತೋ ಇಲ್ಲೋ ಅಂತ ಕಾಯಬೇಕು.”

“ಬಿಟ್ಟಂತೂ ಹೋಗಂಗಿಲ್ಲಲ್ಲ? ಹತ್ತಿಸ್ಕೊಂಡ ಹೊಕ್ಕತಿ, ನೀ ಸುಮ್ಮನ ಬಾರ್ಸು,” ಎಂದು ಅಪ್ಪ ನಗುತ್ತಿದ್ದರು. ವಾರದಲ್ಲಿ ಅವರು ಹಾಗೆ ನಗುತ್ತಿದ್ದುದು ಅಲ್ಲಿ ಮಾತ್ರ.

ಪದವಿ ಪಡೆದವರಿಗೆ ಶ್ರಾವಣದ ಕೊನೆಯ ಸೋಮವಾರ ಮಠದಲ್ಲಿ ಶಾಲು ಹೊದಿಸುವುದು ನಮ್ಮೂರಿನ ಪದ್ಧತಿ. ನನ್ನ ಸರದಿ ಬಂದಾಗ ನಮ್ಮ ಕಾಲೇಜಿನ ಸಂಗೀತದ ಮೇಷ್ಟ್ರನ್ನೂ ಕರೆದಿದ್ದರು. ಅಪ್ಪನ ನುಡಿಸಾಣಿಕೆ ಕೇಳಿ ಅವರೇನೆಂದಾರೋ ಎಂದು ಹಿಂದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೇಷ್ಟ್ರು ಯಾವ ಆಕ್ಷೇಪವನ್ನೂ ಎತ್ತಿರಲಿಲ್ಲ, ಭಯವೆಲ್ಲ ನನ್ನದೇ. ಆ ದಿನ ಮಧ್ಯಾಹ್ನ ಅಪ್ಪನೆದುರು ಕುಳಿತೆ.

“ಯಪ್ಪಾ, ಆ ಧೈವತದ ತಂತಿ ಪಂಚಮಕ್ಕ ಇಳಿಸು. ವಚನದಾಗ ಜಾಝ್ ಬೆರಸ್ಯಾರ ಅಂತ ಸರ್ ಅಂದ್ರ ನನ್ನ ಮಾನ ಹೋಗ್ತೈತಿ.”

“ಹವಾಯಿದವರೂ ಇದನ್ನ ಜಾಝ್ ಕೇಳೇ ಕಲ್ತಾರಂತ ಯವ್ವಾ. ಮೊದಲ ಅವರ ಗಿಟಾರದಾಗೂ ಈ ಧೈವತ ಇರಲಿಲ್ಲಂತ. ನಮ್ಮ ಫೋರ್‌ಮನ್ ಹೇಳ್ತಿದ್ರು.”

“ಯಾವ ಪುಸ್ತಕದಾಗ ಐತಿ?”

ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ಅಪ್ಪ ಗಿಟಾರನ್ನು ನೋಡುತ್ತ ಕುಳಿತರು. “ಪುಸ್ತಕ ನನಗೇನ ಗೊತ್ತವ್ವ. ಓದಿದಾಕಿ ನೀ. ನೀ ಹೇಳಿದಂಗ ಆಗ್ಲಿ,” ಎಂದು ಬಿರಡೆ ತಿರುಗಿಸಿದರು.

ಸಂಜೆ ನನಗೆ ಶಾಲು ಹೊದಿಸಿದರು. ಅಪ್ಪ ನುಡಿಸಲು ತೊಡಗಿದರು. ಶ್ರುತಿ ಬದಲಾಗಿತ್ತು, ಕೈ ಬದಲಾಗಿರಲಿಲ್ಲ. ಇಷ್ಟು ವರ್ಷ ಧೈವತವಿದ್ದ ತಂತಿಗೆ ಬೆರಳು ತಾನಾಗಿ ಹೋಗುತ್ತಿತ್ತು. ಸ್ವರ ಒಂದು ಮೆಟ್ಟಿಲು ಕೆಳಗೆ ಬೀಳುತ್ತಿತ್ತು. ನಿಲ್ಲಿಸಿ ಮೊದಲಿನಿಂದ ಹಿಡಿದರು. ಅದೇ ಕಡೆ ಮತ್ತೆ ತಪ್ಪಿತು. ಮೂರನೆಯ ಸಲ ತಬಲಾವೂ ನಿಂತಿತು.

“ಬಸ್ ಕೆಟ್ಟ ನಿಂತತಿ, ಎಲ್ಲಾರೂ ಇಳೀರೆಪಾ,” ಎಂದರು ಕಾಕಾ. ಸಂಕೋಚ ಮುರಿಯಲೆಂದೇ ಅಂದದ್ದು. ಮಠವೆಲ್ಲ ನಕ್ಕಿತು. ಅಪ್ಪನೂ ನಕ್ಕು, ಉಕ್ಕಿನ ತುಂಡನ್ನು ಜೇಬಿಗೆ ಹಾಕಿಕೊಂಡು ಹಿಂದಕ್ಕೆ ಸರಿದು ಕುಳಿತರು. ಉಳಿದ ವಚನಗಳನ್ನು ಗಿಟಾರಿಲ್ಲದೆ ಹಾಡಿದರು.

ಹೊರಡುವಾಗ ಮೇಷ್ಟ್ರು ನನ್ನನ್ನು ಕರೆದು, “ನಿಮ್ಮ ತಂದೆಯವರ ಕೈಯಾಗ ಏನೋ ಬ್ಯಾರೇ ಐತಿ ಅಂತ ಕೇಳಿದ್ದೆ. ಅದನ್ನ ಕೇಳಾಕನ ಬಂದಿದ್ದೆ,” ಎಂದರು. ನಾನು ಶಾಲಿನ ಅಂಚನ್ನು ಸರಿಪಡಿಸಿಕೊಂಡೆ. ಸತ್ಯ ಹೇಳಲಿಲ್ಲ.

ಈಗ ನಾನು ಶಿಗ್ಗಾಂವಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಕಳೆದ ವರ್ಷ ಗ್ರಂಥಾಲಯದ ಪುಸ್ತಕವೊಂದರಲ್ಲಿ ಅಪ್ಪನ ಮಾತು ಸಿಕ್ಕಿತು. ಜಾಝಿನ ಪ್ರಭಾವದಿಂದಲೇ ಹವಾಯಿಯ ಗಿಟಾರಿಗೆ ಆರನೆಯ ಸ್ವರವಾದ ಆ ಧೈವತ ಬಂದು ಸೇರಿತೆಂದು ಅಲ್ಲಿತ್ತು. ಪುಸ್ತಕವನ್ನು ಅಂಗಡಿಗೇ ಒಯ್ದು ಓದಿ ಹೇಳಿದೆ.

“ಹೌದನವ್ವ? ಪುಸ್ತಕದಾಗ ಬಂದೈತಂದ್ರ ಖರೇ ಇರಬೇಕು,” ಎಂದರು ಅಪ್ಪ.

“ತಂತಿ ಮತ್ತ ಏರ್ಸೋಣೇನು ಯಪ್ಪಾ?”

“ಕೈ ಮರತೈತಿ,” ಎಂದು ಲೇತ್ ಚಾಲೂ ಮಾಡಿದರು.

ಸೋಮವಾರವೂ ಈಗ ಅಂಗಡಿ ಕತ್ತಲಾಗುವವರೆಗೆ ತೆರೆದಿರುತ್ತದೆ. ಅವ್ವ ಒಬ್ಬಳೇ ಭಜನೆಗೆ ಹೋಗಿಬರುತ್ತಾಳೆ. ಅಲ್ಲಿಗೆ ಹಾರ್ಮೋನಿಯಂ ಬಂದಿದೆ. ಗಿಟಾರ್ ಅಟ್ಟದ ಮೇಲಿದೆ. ಅಪ್ಪ ತಮಗೆ ಚೆನ್ನಾಗಿ ಗೊತ್ತಿರುವುದನ್ನೂ, ಸರಿಯೋ ತಪ್ಪೋ ಎಂದು ನನ್ನನ್ನು ಕೇಳಿಯೇ ಮಾಡುತ್ತಾರೆ.